ಷರಾ

ಮುಂದಿನ ಸೋಮವಾರ ಮಾಗುಂಡಪ್ಪ ರಿಟೈರು.
ಅದಕ್ಕ ಮೂರು ದಿನದಿಂದ ನನ್ನ ಟೇಬಲ್ಲಿನ ಎದುರಿಗೆ ಕುಂತಾನ,
ಮೊಣಕಾಲ ನಡುವ ವಾಲು ತಿರುವೋ ಕಬ್ಬಿಣದ ಕೀಲಿ,
ಅವನಿಗಿಂತ ಗೇಣು ಎತ್ತರ, ಹಿಡಿಕಿ ಸವದು ಬೆಳ್ಳಗಾಗೈತಿ.

ಗುಳೇದಗುಡ್ಡದ ನೆಲದಾಗ ಎಲ್ಲೆಲ್ಲಿ ಪೈಪು ಅದಾವು
ಅನ್ನೋ ನಕಾಶಿ ಪುರಸಭೆಯಾಗ ಇಲ್ಲ.
ಇತ್ತಂತ. ಗೆದ್ದಲು ತಿಂದ್ವಂತ.
ಈಗ ಗೆದ್ದಲಿಗೆ ಗೊತ್ತಿರಬೇಕು
ಯಾವ ಓಣಿಗೆ ಎಷ್ಟು ಇಂಚು.

ಹೊಸ ಸ್ಕೀಮು ಬಂದೈತಿ, ಇಪ್ಪತ್ನಾಕು ತಾಸೂ ನೀರು.
ಇಂಜಿನಿಯರ್ ಸಾಹೇಬ್ರು ಅಂದ್ರು: "ಮುದುಕನ್ನ ಕೇಳಿ ಎಲ್ಲಾ ತುಂಬ್ರಿ ಮೇಡಂ,
ವ್ಯಾಸ, ಆಳ, ಲೋಹ, ಹಾಕಿದ ವರ್ಷ.
ಉಳಿದದ್ದು ಷರಾ ಕಾಲಮ್ಮಿನಾಗ."

ಕೇಳ್ತೀನಿ. ಹೇಳ್ತಾನ.
ಹನ್ನೆರಡನೇ ವಾಲು?
"ಪತ್ತಾರ ಕಾಳಪ್ಪನ ಕಟ್ಟಿ ಕೆಳಗ. ಎಡಕ್ಕ ತಿರುವಬೇಕು, ಉಲ್ಟಾ ಕೂಡಿಸ್ಯಾರ."
ಹಾಕಿದ ವರ್ಷ?
"ಕಾಳಪ್ಪನ ಎರಡನೇ ಮದಿವಿ ಆತಲ್ಲ, ಅದರ ಮುಂದಿನ ಬ್ಯಾಸಗಿ."
ಆಳ?
ಎದ್ದು ನಿಂತು ತೊಡಿ ತೋರಸ್ತಾನ.
ತೊಡಿ ಅಂದ್ರ ಎಷ್ಟು ಫೂಟು ಕಾಕಾ?
"ಆವಾಗ ನಾ ಇನ್ನೂ ಎತ್ತರಿದ್ನಿ ತಂಗಿ."

ಹತ್ತೊಂಬತ್ತರ ಬಾಜೂಕ ಸೋರತೈತಿ, ಮ್ಯಾಲ ಕಾಣಂಗಿಲ್ಲ.
ಕೀಲಿಯ ಒಂದು ತುದಿ ನೆಲಕ್ಕ, ಇನ್ನೊಂದು ಕಿವಿಗೆ ಹಚ್ಚಿ ಕೇಳ್ಯಾನ.
"ಮಗ್ಗ ನಿಂತ ಮ್ಯಾಲ ಕೇಳಬೇಕು, ರಾತ್ರಿ ಒಂದು ದಾಟಿದ ಮ್ಯಾಲ.
ಆಚಿ ಮನಿಯಾಗ ಯಾರೋ ಜ್ವಾಳ ಕೇರಿದಂಗ."

ನಲವತ್ತೊಂದಕ್ಕ ಬಂದಾಗ
ಕೀಲಿ ಈ ಮೊಣಕಾಲಿಂದ ಆ ಮೊಣಕಾಲಿಗೆ ವಾಲಿತು.
"ಗುಡ್ಡದ ಬುಡದ ಓಣಿ. ಅಲ್ಲಿ ವಾಲಿಲ್ಲ ಅಂತ ಬರಿ."
ಅದು ನಮ್ಮ ಓಣಿ ಕಾಕಾ. ಆ ನೀರು ಕುಡದ ದೊಡ್ಡಾಕಿ ಆಗೀನಿ.

ನಸುಕಿನ ಮೂರಕ್ಕ ಬರತಿತ್ತು. ಮೊದಲು ಸುಂಯ್ ಅಂತ ಗಾಳಿ,
ಆಮ್ಯಾಲ ಕೆಂಪನ್ನ ರಾಡಿ, ಆಮ್ಯಾಲ ನೀರು.
ಅವ್ವ ಒಂದು ಕೈಲೆ ಕೊಡ, ಒಂದು ಕೈಲೆ ನನ್ನ ಜುಟ್ಟು ಹಿಡದು ಎಬ್ಬಸಾಕಿ,
ಎರಡೂ ಕೈ ತುಂಬಿದಾಗ ಬಾಯಿಲೆ ಬೈಯಾಕಿ:
"ಹಗಲಿ ಬಿಡಾಕ ಏನು ಧಾಡಿ ಆ ಮಾಗುಂಡಗ! ಅವನ ಕೈ ಸೇದಿ ಹೋಗಲಿ,
ಅವನ ಮನಿಯಾಗ ಯಾರಿಗೂ ನಿದ್ದಿ ಹತ್ತದಿರಲಿ."

"ವಾಲು ಐತಿ," ಅಂದ. ದನಿ ಇಳಿಸಿದ. "ನಾನ ಕೂಡಿಸಿದ್ದು.
ಟ್ಯಾಂಕೂ ನಿಮ್ಮ ಓಣಿನೂ ಹೆಚ್ಚುಕಡಿಮಿ ಸರಿಸಮ. ನೀರು ಏರಂಗಿಲ್ಲ.
ಊರಿನ ನಲವತ್ತೂ ಬಂದ್ ಮಾಡಿದ್ರ ಇಪ್ಪತ್ತು ನಿಮಿಷ ಏರತೈತಿ.
ಹಗಲಿ ಮಾಡಿದ್ರ ನಲವತ್ತು ಓಣಿ ಬಂದು ನನ್ನ ಹೂಳತಾವು.
ಮುಚ್ಚಿಕೋತ ಬರಾಕ ಎರಡು ತಾಸು,
ತೆಕ್ಕೋತ ಹೋಗಾಕ ಎರಡು."

ಯಾರಿಗೂ ಯಾಕ ಹೇಳಲಿಲ್ಲ?
"ಹೇಳಿದ್ರ ಆರ್ಡರ್ ಎಲ್ಲೈತಿ ಅಂತಿದ್ರು.
ಬೈಸಿಕೊಳ್ಳಾಕ ಆರ್ಡರ್ ಬೇಕಾಗಿಲ್ಲ."

ಚಾ ಬಂತು. ಬಸಿಯಾಗ ಸುರುವಿಕೊಂಡು ಎಡಗೈಲೆ ಕುಡದ.
ಬಲಗೈ ಬೆರಳು ಕೀಲಿ ಹಿಡದ ಆಕಾರಕ್ಕ ನಿಂತುಬಿಟ್ಟಾವು,
ನೆಟ್ಟಗ ಆಗಂಗಿಲ್ಲ.
ನಾ ಅವ್ವನ ಬಾಯಿ ನೆನಸಿ
ಸುಮ್ಮನ ಕಂಪ್ಯೂಟರ್ ಕಡೆ ಹೊಳ್ಳಿದೆ.

ಹೊಸ ಸ್ಕೀಮಿನಾಗ ವಾಲು ತಾನ ತೆರೀತೈತಂತ, ತಾನ ಮುಚ್ಚತೈತಂತ.
ನಿದ್ದಿಗೆಡೋ ವಾಲು ಐತೋ ಇಲ್ಲೋ
ಸಾಹೇಬ್ರಿಗೆ ಕೇಳಬೇಕು.

ಷರಾದಾಗ ಬರದೆ. ಪರದೆ ಕೆಂಪಾತು:
ಅಂಕಿ ಮಾತ್ರ ನಮೂದಿಸಿ.
ಅಳಿಸಿದೆ. ಮೂರು ಅಂತ ಒತ್ತಿದೆ. ಜಾಗಾ ಬಿಟ್ಟು ಇಪ್ಪತ್ತು.
ತಗೊಂತು.

ನಾಳೆ ಯಾರರ ಹೊಸಬ್ರು ಓದ್ತಾರ:
ಮೂರು ಫೂಟು ಆಳ, ಇಪ್ಪತ್ತು ಮಿಲಿಮೀಟರು.
ಹಂಗಂತ ತಿಳದು ಅಗೀತಾರ.
ಅಗೀಲಿ.

"ಮುಂದಿಂದು?" ಅಂದ ಮಾಗುಂಡಪ್ಪ.
ಇಲ್ಲ ಕಾಕಾ, ಮುಗೀತು.
ಕೀಲಿ ಗ್ವಾಡಿಗೆ ಆನಿಸಿ ಬಾಗಿಲ ತನಾ ಹೋದಾಂವ
ಹೊಳ್ಳಿ ಬಂದು ತಗೊಂಡ.
"ಸೋಮವಾರದ ತನಾ," ಅಂದ,
"ಇವತ್ತ ನಿಮ್ಮ ಓಣಿ ಪಾಳಿ ಐತಿ.
ಅವ್ವಗ ಕೊಡ ತೊಳದು ಇಡಂತ ಹೇಳು."